ಮಳೆಗಾಲದಲ್ಲಿ ಕಾರಿನ ಬ್ರೇಕ್ ಕಚ್ಚಿಕೊಂಡರೆ ಎಣ್ಣೆ ಬಿಡಬಹುದೇ?

ಎರಡು ಮೂರು ದಿನ ಜಡಿಮಳೆ. ಕಾರು ಅಂಗಳದಲ್ಲೇ ನಿಂತಿದೆ. ಬೆಳಿಗ್ಗೆ ಹ್ಯಾಂಡ್ ಬ್ರೇಕ್ ಇಳಿಸಿ, ಗೇರ್ ಹಾಕಿ ಕ್ಲಚ್ ಬಿಟ್ಟರೂ ಕಾರು ಕದಲುವುದಿಲ್ಲ. ಯಾರೋ ಹಿಂದಿನಿಂದ ಹಿಡಿದು ಎಳೆದಂತಾಗುತ್ತದೆ. ಮಲೆನಾಡು, ಕರಾವಳಿಯಲ್ಲಿ ಕಾರಿಟ್ಟುಕೊಂಡವರಿಗೆ ಇದು ಹೊಸದೇನಲ್ಲ. ಆಗ ಸಿಗುವ ಸಲಹೆಗಳೂ ಹಲವು: "ಡ್ರಮ್ ಒಳಗೆ ಎಣ್ಣೆ ಬಿಡಿ", "ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಿರಿ", "ಆಕ್ಸಿಲರೇಟರ್ ಜೋರಾಗಿ ಒತ್ತಿ". ಈ ಮೂರನ್ನೂ ಮಾಡಬಾರದು. ಏಕೆಂದು ನೋಡೋಣ.

ಕಚ್ಚಿಕೊಳ್ಳುವುದು ಏಕೆ?

ನಮ್ಮಲ್ಲಿನ ಬಹುತೇಕ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕ್ ಇರುತ್ತದೆ. ಡ್ರಮ್ ಎಂದರೆ ಚಕ್ರದ ಜೊತೆ ತಿರುಗುವ, ಎರಕದ ಕಬ್ಬಿಣದ ಡಬ್ಬಿ. ಅದರೊಳಗೆ ಅರ್ಧಚಂದ್ರಾಕಾರದ ಎರಡು ಬ್ರೇಕ್ ಶೂಗಳಿವೆ. ಹ್ಯಾಂಡ್ ಬ್ರೇಕ್ ಎಳೆದಾಗ ಕೇಬಲ್ ಈ ಶೂಗಳನ್ನು ಅಗಲಿಸಿ ಡ್ರಮ್‌ಗೆ ಒತ್ತುತ್ತದೆ. ಇಳಿಸಿದಾಗ ಸ್ಪ್ರಿಂಗ್‌ಗಳು ಅವನ್ನು ಹಿಂದಕ್ಕೆಳೆಯುತ್ತವೆ.

ಬರಿಯ ಕಬ್ಬಿಣಕ್ಕೆ ತೇವ ತಗುಲಿದರೆ ಒಂದೇ ರಾತ್ರಿಯಲ್ಲಿ ತೆಳುವಾದ ತುಕ್ಕು ಮೂಡುತ್ತದೆ. ಶೂ ಮೇಲಿನ ಲೈನಿಂಗ್ ಕೂಡ ತೇವ ಹಿಡಿದಿಟ್ಟುಕೊಳ್ಳುತ್ತದೆ. ಎರಡೂ ಒತ್ತಿಕೊಂಡೇ ನಿಂತಿದ್ದರೆ ನಡುವಿನ ತುಕ್ಕು ಅಂಟಿನಂತೆ ಹಿಡಿಯುತ್ತದೆ. ಅದನ್ನು ಬಿಡಿಸುವಷ್ಟು ಬಲ ಸ್ಪ್ರಿಂಗ್‌ಗೆ ಇರುವುದಿಲ್ಲ.

ಎಣ್ಣೆ, ಸ್ಪ್ರೇ ಏಕೆ ಬೇಡ?

ಬ್ರೇಕ್ ಕೆಲಸ ಮಾಡುವುದೇ ಘರ್ಷಣೆಯಿಂದ. ಎಣ್ಣೆ ಆ ಘರ್ಷಣೆಯನ್ನೇ ಕಡಿಮೆ ಮಾಡುತ್ತದೆ. ಲೈನಿಂಗ್ ಒಮ್ಮೆ ಎಣ್ಣೆ ಕುಡಿದರೆ ಒರೆಸಿ ತೆಗೆಯಲಾಗದು, ಶೂಗಳನ್ನೇ ಬದಲಿಸಬೇಕಾಗುತ್ತದೆ. ಅಂಗಳದಲ್ಲಿ ಕಾರು ಕದಲಿತೆಂದು ಖುಷಿಪಟ್ಟು ಘಾಟಿ ಇಳಿಯುವಾಗ ಬ್ರೇಕ್ ಹಿಡಿಯದಿದ್ದರೆ? ಬಿಸಿನೀರು ಸುರಿಯುವುದೂ ಪರಿಹಾರವಲ್ಲ. ಡ್ರಮ್‌ಗೆ ಇನ್ನಷ್ಟು ನೀರು ಸೇರಿ ಮತ್ತೆ ತುಕ್ಕು ಹಿಡಿಯುತ್ತದೆ.

ಸರಿಯಾದ ಕ್ರಮ

1. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯೇ ನೋಡಿ. ಕಾರಿನ ಹಿಂದೆ ಮುಂದೆ ಯಾರೂ ಇರಬಾರದು.

2. ಸಮತಟ್ಟಾದ ಜಾಗದಲ್ಲಿ ಮೊದಲ ಗೇರ್ ಹಾಕಿ, ನಿಧಾನವಾಗಿ ಕ್ಲಚ್ ಬಿಡುತ್ತಾ ಮುಂದಕ್ಕೆ, ನಂತರ ರಿವರ್ಸ್ ಹಾಕಿ ಹಿಂದಕ್ಕೆ ಕದಲಿಸಿ ನೋಡಿ. ಹೆಚ್ಚಿನ ಸಲ "ಟಕ್" ಎಂದು ಸದ್ದಾಗಿ ಬಿಟ್ಟುಕೊಳ್ಳುತ್ತದೆ.

3. ನಾಲ್ಕೈದು ಸಲ ಮಾಡಿದರೂ ಬಿಡದಿದ್ದರೆ ನಿಲ್ಲಿಸಿ, ಮೆಕ್ಯಾನಿಕ್ ಕರೆಯಿರಿ. ಜೋರಾಗಿ ಎಳೆದರೆ ಕ್ಲಚ್ ಸುಡಬಹುದು, ಲೈನಿಂಗ್ ಶೂನಿಂದ ಕಿತ್ತು ಬರಬಹುದು.

4. ಬಿಟ್ಟ ಮೇಲೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತಾ ಕೆಲವು ಸಲ ಮೆತ್ತಗೆ ಬ್ರೇಕ್ ಒತ್ತಿ. ತುಕ್ಕು ಉಜ್ಜಿಹೋಗಿ ಡ್ರಮ್ ಒಣಗುತ್ತದೆ. ಮೊದಲ ಒಂದೆರಡು ಸಲ ಬ್ರೇಕ್ ತಟ್ಟನೆ ಹಿಡಿಯಬಹುದು, ಎಚ್ಚರ.

ಬಾರದಂತೆ ತಡೆಯುವುದು

ಕಾರು ತೊಳೆದ ಮೇಲೆ ಅಥವಾ ನೀರು ನಿಂತ ರಸ್ತೆ ದಾಟಿದ ಮೇಲೆ, ನಿಲ್ಲಿಸುವ ಮೊದಲು ಮೆತ್ತಗೆ ಬ್ರೇಕ್ ಒತ್ತಿ ಡ್ರಮ್ ಒಣಗಿಸಿ. ಕೆಲವು ದಿನ ಕಾರು ತೆಗೆಯುವುದಿಲ್ಲವೆಂದಾದರೆ, ಸಮತಟ್ಟು ಜಾಗದಲ್ಲಿ ಮೊದಲ ಗೇರ್‌ನಲ್ಲಿ ನಿಲ್ಲಿಸಿ, ಆಟೋಮ್ಯಾಟಿಕ್ ಆದರೆ 'ಪಿ'ಗೆ ಹಾಕಿ, ಚಕ್ರದ ಹಿಂದೆ ಮುಂದೆ ಕಲ್ಲು ಅಥವಾ ಮರದ ತುಂಡು ಕೊಡಿ. ಆಗ ಹ್ಯಾಂಡ್ ಬ್ರೇಕ್ ಎಳೆಯದೇ ಬಿಡಬಹುದು. ಇಳಿಜಾರಿನಲ್ಲಿ ಮಾತ್ರ ಹ್ಯಾಂಡ್ ಬ್ರೇಕ್ ಬಿಡಲೇಬೇಡಿ. ಬ್ರೇಕ್ ಕಚ್ಚಿಕೊಂಡರೆ ಬಿಡಿಸಬಹುದು. ಉರುಳಿದ ಕಾರನ್ನು ತಡೆಯಲಾಗದು.

ಗ್ಯಾರೇಜಿಗೆ ಯಾವಾಗ?

ಪದೇ ಪದೇ ಕಚ್ಚಿಕೊಳ್ಳುತ್ತಿದ್ದರೆ, ಒಣ ದಿನಗಳಲ್ಲೂ ಹೀಗಾದರೆ, ಓಡಿಸಿದ ಮೇಲೆ ಒಂದು ಚಕ್ರದಿಂದ ಸುಟ್ಟ ವಾಸನೆ ಬಂದರೆ ತಪ್ಪು ಮಳೆಯದಲ್ಲ. ಕೇಬಲ್ ತುಕ್ಕು ಹಿಡಿದಿರಬಹುದು, ಸ್ಪ್ರಿಂಗ್ ಸೋತಿರಬಹುದು, ವೀಲ್ ಸಿಲಿಂಡರ್ ಜ್ಯಾಮ್ ಆಗಿರಬಹುದು. ಡ್ರಮ್ ಬಿಚ್ಚಿಯೇ ನೋಡಬೇಕು. ಬಿಚ್ಚಿದಾಗ ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು. ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ಹಾನಿಕರ. ಒದ್ದೆ ಬಟ್ಟೆಯಿಂದ ಒರೆಸಲು ಹೇಳಿ.

ಒಟ್ಟಿನಲ್ಲಿ: ಮೆತ್ತಗೆ ಮುಂದೆ ಹಿಂದೆ ಕದಲಿಸುವುದು ಸರಿ. ಬ್ರೇಕ್‌ಗೆ ಎಣ್ಣೆ ಬಿಡುವುದು ತಪ್ಪು, ಅಪಾಯಕಾರಿ. ಅಂಥ ಸಲಹೆ ನಿಮ್ಮ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ.