ಗಾದಿಗೆ ದುಡ್ಡು, ಕೌದಿಗೆ ಕಾಲ

ಹಾವೇರಿ ಎಂದರೆ ಏಲಕ್ಕಿ ಹಾರ, ಬ್ಯಾಡಗಿ ಎಂದರೆ ಮೆಣಸಿನಕಾಯಿ, ರಾಣೆಬೆನ್ನೂರು ಎಂದರೆ ಬಿತ್ತನೆ ಬೀಜ. ನಮ್ಮ ಊರುಗಳನ್ನು ನಾವು ಪೇಟೆಗೆ ಹೋದ ವಸ್ತುಗಳಿಂದಲೇ ಗುರುತಿಸುತ್ತೇವೆ. ಪೇಟೆಗೆ ಹೋದದ್ದಕ್ಕೆ ಲೆಕ್ಕಪುಸ್ತಕವಿದೆ, ದಾಖಲೆಯಿದೆ. ಮನೆಯಲ್ಲೇ ಉಳಿದು ಮನೆಯಲ್ಲೇ ಸವೆದದ್ದಕ್ಕೆ ಏನಿದೆ? ಕೌದಿಯ ಕಥೆ ಅಂಥದ್ದು.

ಈ ಸೀಮೆ ಹತ್ತಿಯ ಸೀಮೆ. ೧೮೬೧ರಿಂದ ೧೮೬೫ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬಾರದಾದಾಗ ಧಾರವಾಡ ಜಿಲ್ಲೆಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಈ ಮೂರೂ ಊರುಗಳು ಆಗ ಆ ಜಿಲ್ಲೆಯವೇ. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು ೧೯೯೭ರಲ್ಲಿ. ಅರಳೆ ಚಕ್ಕಡಿ ಏರಿ, ಘಟ್ಟ ಇಳಿದು ಕುಮಟಾ ಬಂದರಿಗೆ ಹೋಯಿತು. ಗಿರಣಿಯ ಬಟ್ಟೆ ನಮ್ಮ ಸಂತೆಗೆ ಬಂತು.

ಉಳಿದ ಹತ್ತಿಯನ್ನು ನದಾಫರು, ಅಂದರೆ ಪಿಂಜಾರರು, ಬಿಲ್ಲಿನಿಂದ ಹಿಂಜಿ ಗಾದಿ ಮಾಡಿಕೊಟ್ಟರು. ಆದರೆ ಗಾದಿಗೆ ಹತ್ತಿ ಬೇಕು, ಹೊಸ ಬಟ್ಟೆ ಬೇಕು, ಕೂಲಿ ಕೊಡಬೇಕು. ಹತ್ತಿ ಬಿಡಿಸಿದ ಕೈಗಳಿಗೆ ಹತ್ತಿಯ ಹಾಸಿಗೆ ಸಿಗುವುದು ಸುಲಭವಿರಲಿಲ್ಲ. ಕೌದಿಗೆ ಬೇಕಾದದ್ದು ಹಳೇ ಬಟ್ಟೆ, ಸೂಜಿ, ದಾರ, ಮತ್ತು ಕಾಲ.

ಆ ಕಾಲವಾದರೂ ಒಮ್ಮೆಲೇ ಸಿಗುತ್ತಿರಲಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಬಂದರೆ ಹೆಂಗಸರು ತೊಟ್ಟು ಬಿಡಿಸಲು ಹೋಗಬೇಕು. ಮಳೆ ಬಿದ್ದರೆ ಹೊಲಕ್ಕೆ. ನಡುವೆ ಸಿಕ್ಕ ಬೇಸಿಗೆಯ ಮಧ್ಯಾಹ್ನಗಳಲ್ಲಿ ಟ್ರಂಕಿನ ಗಂಟು ಬಿಚ್ಚಬೇಕು. ಹರಿದ ಸೀರೆ, ಧೋತರ, ಲುಂಗಿ, ದರ್ಜಿಯ ಅಂಗಡಿಯಿಂದ ತಂದ ಚೂರುಗಳು. ಸೀರೆಯೊಂದನ್ನು ಅಡಿಗೆ ಹಾಸಿ, ಪದರದ ಮೇಲೆ ಪದರವಿಟ್ಟು, ಅಂಚಿನಿಂದ ಸಾಲುಸಾಲಾಗಿ ಹೊಲಿಯುತ್ತ ನಡುವಿಗೆ ಬರಬೇಕು. ಒಂದು ಕೌದಿ ಹೀಗೆ ಎರಡು ಮೂರು ಬೇಸಿಗೆ ನುಂಗುವುದುಂಟು. ಮುಗಿದದ್ದೂ ಮುಗಿದಂತಲ್ಲ, ಮೇಲಿನ ಪದರ ಹರಿದರೆ ಅದರ ಮೇಲೊಂದು ಹೊಸ ಪದರ. ತಾಯಿ ಆರಂಭಿಸಿದ್ದನ್ನು ಸೊಸೆ ಮುಂದುವರಿಸುತ್ತಾಳೆ.

ಆದ್ದರಿಂದ ಹಳೇ ಕೌದಿಯ ಪದರ ಬಿಡಿಸಿದರೆ ಕಾಲವೇ ಕಾಣುತ್ತದೆ. ೧೯೪೩ರಲ್ಲಿ ಸರ್ಕಾರ ಬಟ್ಟೆಯ ಮೇಲೆ ನಿಯಂತ್ರಣ ಹೇರಿದಾಗ ಒಂದೊಂದು ಚಿಂದಿಗೂ ಬೆಲೆಯಿತ್ತು. ೧೯೮೫ರ ಜವಳಿ ನೀತಿ ಕೃತಕ ನೂಲಿಗೆ ಬಾಗಿಲು ತೆರೆಯಿತು. ಮನೆಯ ಗಂಟಿನಲ್ಲೂ ನೂಲಿನ ಸೀರೆ ಕಡಿಮೆಯಾಗಿ ಪಾಲಿಯೆಸ್ಟರ್ ಹೆಚ್ಚಿತು. ಅದು ಹರಿಯುವುದೂ ಇಲ್ಲ, ಬೆವರು ಹೀರುವುದೂ ಇಲ್ಲ. ದಿಲ್ಲಿಯ ನೀತಿಯನ್ನು ನಮ್ಮ ತಾಯಂದಿರು ಬೆರಳ ತುದಿಯಲ್ಲಿ ಓದಿದ್ದು ಹೀಗೆ.

ಹಾನಗಲ್ಲಿನ ಗಡಿ ದಾಟಿದರೆ ಮುಂಡಗೋಡ. ಆಚೆ ಯಲ್ಲಾಪುರ, ಹಳಿಯಾಳ. ಅಲ್ಲಿನ ಸಿದ್ದಿ ಹೆಂಗಸರು ಹೊಲಿಯುವ ಕೌದಿಯ ಮೂಲೆಗಳಲ್ಲಿ ಮಡಚಿದ ಬಟ್ಟೆಯ 'ಫೂಲ' ಇರಬೇಕು. ಅದಿಲ್ಲದ ಕೌದಿ ಬೆತ್ತಲೆ ಎಂಬ ಭಾವನೆ ಅವರದು. ಆಫ್ರಿಕಾ ಮೂಲದ ಈ ಜನರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರೆಲ್ಲ ಇದ್ದಾರೆ. ಹೊಲಿಗೆ ಮಾತ್ರ ಒಂದೇ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಪ್ರಯತ್ನದಿಂದ ೨೦೧೧ರಲ್ಲಿ ಅವು ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡವು. ಅದೇ ವರ್ಷ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಮುಸ್ಲಿಂ ಹೆಂಗಸರು ನೇಯುವ ನವಲಗುಂದದ ಜಮಖಾನಕ್ಕೂ ಆ ಮಾನ್ಯತೆ ಇದೆ. ಮೆಣಸಿನಕಾಯಿಯ ತೊಟ್ಟು ಬಿಡಿಸಿದವಳು ಮನೆಗೆ ಬಂದು ಹೊಲಿದ ಕೌದಿಗೆ ಮಾತ್ರ ಹೆಸರಿಲ್ಲ, ಅವಳಿಗೂ ಇಲ್ಲ.

ಉರ್ದುವಿನಲ್ಲಿ ಕೌದಿಗೆ ಗುದಡಿ ಎನ್ನುತ್ತಾರೆ. ಬಡತನದಲ್ಲಿ ಹುಟ್ಟಿದ ಪ್ರತಿಭಾವಂತನನ್ನು 'ಗುದಡೀ ಕಾ ಲಾಲ್', ಚಿಂದಿಯೊಳಗಿನ ಮಾಣಿಕ್ಯ ಎಂದು ಹೊಗಳುವುದು ರೂಢಿ. ಸೂಫಿಗಳ ತೇಪೆಯ ನಿಲುವಂಗಿಗೆ ಮುರಕ್ಕಾ ಎಂಬ ಹೆಸರು. ಮೊಗಲರ ಚಿತ್ರಸಂಪುಟಕ್ಕೂ ಅದೇ ಹೆಸರು. ಕನ್ನಡದ ಜೋಗಿಗಳು ಹೊದ್ದದ್ದು ಕಂಥೆ. ಸಂತ ಹೊದ್ದರೆ ವೈರಾಗ್ಯ, ದೊರೆ ಜೋಡಿಸಿದರೆ ಕಲೆ, ಹೆಂಗಸು ಹೊಲಿದರೆ ಬರೀ ಮನೆಗೆಲಸ! ಈ ಲೆಕ್ಕವನ್ನು ನಾವು ಪ್ರಶ್ನಿಸಲೇ ಇಲ್ಲ.

ಈಗ ಹಳೇ ಸೀರೆ ಕೊಟ್ಟು ಸ್ಟೀಲಿನ ಡಬ್ಬಿ ಕೊಳ್ಳುವುದು ಸುಲಭ, ಸಂತೆಯ ಹೊದಿಕೆಯೂ ಅಗ್ಗ. ಹೊಲಿಯಿರಿ ಎಂದು ಯಾರನ್ನೂ ಒತ್ತಾಯಿಸುವ ಹಕ್ಕು ನಮಗಿಲ್ಲ; ಆ ದುಡಿಮೆಯಲ್ಲಿ ಬೆನ್ನುನೋವೂ ಇತ್ತು. ಆದರೆ ಅಟ್ಟದ ಮೇಲಿನ ಕೌದಿಯನ್ನು ಕೆಳಗಿಳಿಸಿ, ಯಾವ ಚೂರು ಯಾರದು ಎಂದು ಮನೆಯ ಹಿರಿಯ ಹೆಂಗಸನ್ನು ಕೇಳಿ ಬರೆದಿಟ್ಟುಕೊಳ್ಳಬಹುದಲ್ಲ? ಅದನ್ನು ಓದಿ ಹೇಳಬಲ್ಲವರು ಇರುವಾಗಲೇ ಕೇಳಬೇಕು. ಅವರು ಹೋದ ಮೇಲೆ ಉಳಿಯುವುದು ಬಟ್ಟೆ ಮಾತ್ರ.