ಮೈಸೂರಿನ ದುಡ್ಡು, ಮಾಸ್ಕೋದ ಪಿಯಾನೊ

ನಿಕೊಲಾಯ್ ಮೆಟ್ನರ್. ಹೆಸರು ಕೇಳಿಲ್ವಾ? ಪರವಾಗಿಲ್ಲ, ಪಿಯಾನೊ ಸಂಗೀತದ ಹುಚ್ಚಿರುವವರಲ್ಲೂ ಎಷ್ಟೋ ಜನ ಕೇಳಿರಲ್ಲ. ಆದರೆ ಈತನ ಮೂರನೇ ಪಿಯಾನೊ ಕಾನ್ಚೆರ್ಟೊ ಯಾರಿಗೆ ಅರ್ಪಣೆಯಾಗಿದೆ ಗೊತ್ತಾ? ನಮ್ಮ ಜಯಚಾಮರಾಜ ಒಡೆಯರಿಗೆ.

ಮೆಟ್ನರ್ ಹುಟ್ಟಿದ್ದು 1880ರಲ್ಲಿ, ಮಾಸ್ಕೋದಲ್ಲಿ. 1900ರಲ್ಲಿ ಅಲ್ಲಿನ ಕನ್ಸರ್ವೇಟರಿಯಲ್ಲಿ ಓದು ಮುಗಿಸಿದಾಗ ಎಲ್ಲರೂ ಈತನನ್ನು ದೊಡ್ಡ ಪಿಯಾನೊ ವಾದಕ ಅಂತಲೇ ನೋಡುತ್ತಿದ್ದರು. ಊರೂರು ಸುತ್ತಿ ಕಛೇರಿ ಕೊಟ್ಟಿದ್ದರೆ ಆರಾಮಾಗಿ ಬದುಕಬಹುದಿತ್ತು. ಈತ ಅದನ್ನು ಬದಿಗಿಟ್ಟು ಸಂಗೀತ ಬರೆಯೋಕೆ ಕೂತ. ಮುಂದೆ ತಾನು ಓದಿದ ಕನ್ಸರ್ವೇಟರಿಯಲ್ಲೇ ಮೇಷ್ಟ್ರೂ ಆದ.

ಆಮೇಲೆ ಕ್ರಾಂತಿ. 1921ರಲ್ಲಿ ರಷ್ಯ ಬಿಟ್ಟ ಮೆಟ್ನರ್ ಬರ್ಲಿನ್, ಪ್ಯಾರಿಸ್ ಅಂತ ಅಲೆದು ಕೊನೆಗೆ ಲಂಡನ್ ಸೇರಿದ. ಅಷ್ಟರಲ್ಲಿ ಕಾಲವೇ ಬದಲಾಗಿತ್ತು. ಸ್ಟ್ರಾವಿನ್‌ಸ್ಕಿ, ಷೋನ್‌ಬರ್ಗ್ ಹೊಸ ದಾರಿ ಹಿಡಿದಿದ್ದರೆ ಈತ ಹಳೆಯ ವ್ಯಾಕರಣವನ್ನೇ ನೆಚ್ಚಿಕೊಂಡಿದ್ದ. ಹೊಸಬರನ್ನು ಬೈದು 1935ರಲ್ಲಿ ಒಂದು ಪುಸ್ತಕವನ್ನೇ ಬರೆದ. ಅದನ್ನು ಪ್ರಕಟಿಸಲು ನೆರವಾದದ್ದು ಗೆಳೆಯ ರಾಖ್ಮನಿನೋವ್. ತನ್ನ ನಾಲ್ಕನೇ ಕಾನ್ಚೆರ್ಟೊವನ್ನು ಆತ ಅರ್ಪಿಸಿದ್ದೂ ಮೆಟ್ನರ್‌ಗೇ. ಗೆಳೆಯನ ಮೆಚ್ಚುಗೆ ಇತ್ತು, ಆದರೆ ಜನ ಟಿಕೆಟ್ ಕೊಂಡು ಬರಬೇಕಲ್ಲ?

ಎರಡನೇ ಮಹಾಯುದ್ಧ ಶುರುವಾದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು. ಹೃದಯ ಕೈಕೊಟ್ಟಿತು. ಆಗ ಆಸರೆ ಕೊಟ್ಟವಳು ಎಡ್ನಾ ಐಲ್ಸ್ ಎಂಬ ಇಂಗ್ಲಿಷ್ ಶಿಷ್ಯೆ. 1944ರ ಫೆಬ್ರವರಿಯಲ್ಲಿ, 64ನೇ ವಯಸ್ಸಿನಲ್ಲಿ, ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಮೆಟ್ನರ್ ತನ್ನ ಮೂರನೇ ಕಾನ್ಚೆರ್ಟೊವನ್ನು ತಾನೇ ಮೊದಲ ಸಲ ನುಡಿಸಿದ.

ಇತ್ತ ಮೈಸೂರಿನಲ್ಲಿ ಜಯಚಾಮರಾಜ ಒಡೆಯರಿಗೆ ತಾವೇ ಪಿಯಾನೊ ವಾದಕರಾಗುವ ಆಸೆಯಿತ್ತು. 1940ರಲ್ಲಿ ಮೊದಲು ತಂದೆ, ಆಮೇಲೆ ದೊಡ್ಡಪ್ಪ ನಾಲ್ವಡಿಯವರು ತೀರಿಕೊಂಡರು. 21ಕ್ಕೇ ಪಟ್ಟ. ಆಸೆ ಅಲ್ಲಿಗೇ ನಿಂತಿತು, ಕೇಳುವ ಹುಚ್ಚು ನಿಲ್ಲಲಿಲ್ಲ. 1946ರಲ್ಲಿ ಅವರ ಹಣದಿಂದ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಶುರುವಾಯಿತು. ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿ ಮುಂದಿನ ವರ್ಷದಿಂದ ಮೂರೂ ಕಾನ್ಚೆರ್ಟೊಗಳನ್ನು, ಜೊತೆಗೆ ಸೊನಾಟಾ, ಹಾಡುಗಳನ್ನು ಮೆಟ್ನರ್ ಕೈಯಲ್ಲೇ ನುಡಿಸಿ ರೆಕಾರ್ಡ್ ಮಾಡಿತು. 1951ರಲ್ಲಿ ಆತ ತೀರಿಕೊಂಡ. ಸ್ವಲ್ಪ ತಡವಾಗಿದ್ದರೂ ಇದಾವುದೂ ನಮಗೆ ಸಿಗುತ್ತಿರಲಿಲ್ಲ.

ಇಲ್ಲಿ ನನ್ನನ್ನು ಕಾಡೋದು ಇನ್ನೊಂದು ವಿಷಯ. ಅದೇ 1947ರಲ್ಲಿ ಜನರ ಸರ್ಕಾರ ಬೇಕು ಅಂತ ‘ಮೈಸೂರು ಚಲೋ’ ಚಳವಳಿ ನಡೆದಿತ್ತು. ಜನ ಜೈಲಿಗೆ ಹೋಗುತ್ತಿದ್ದರು. ಅರಮನೆ ದುಡ್ಡು ಅಂದ್ರೆ ಕೊನೆಗೆ ಯಾರ ದುಡ್ಡು? ಪ್ರಶ್ನೆ ನ್ಯಾಯವಾದದ್ದೇ. ಅರಸರ ಸಂಗೀತಪ್ರೇಮವನ್ನು ಹಾಡಿ ಹೊಗಳುವಾಗ ನಾವು ಅದನ್ನು ಮರೆತುಬಿಡ್ತೀವಿ.

ಆದರೂ ಆ ರೆಕಾರ್ಡುಗಳನ್ನು ದುಂದುವೆಚ್ಚ ಅನ್ನೋಕೆ ನನಗೆ ಬಾಯಿ ಬರಲ್ಲ. ಮೇಷ್ಟ್ರ ಪಾಠ ಶಿಷ್ಯರಲ್ಲಿ ಉಳಿಯುತ್ತೆ, ಬರೆದದ್ದು ಕಾಗದದ ಮೇಲೆ ಉಳಿಯುತ್ತೆ. ಬೆರಳಿನ ನಡೆ ಮಾತ್ರ ಬೆರಳಿನ ಜೊತೆಗೇ ಹೋಗುತ್ತೆ. ಮಾರುಕಟ್ಟೆ ಕೇಳದಿದ್ದ ಆ ನಡೆಯನ್ನು ಮೈಸೂರಿನ ದುಡ್ಡು ಹಿಡಿದಿಟ್ಟಿತು. ಒಂದು ಭಾನುವಾರ ಬಿಡುವು ಮಾಡಿಕೊಂಡು ಆ ಮೂರನೇ ಕಾನ್ಚೆರ್ಟೊ ಕೇಳಿ. ಹಳೆಯ ರೆಕಾರ್ಡಿನ ಕರಕರ ಸದ್ದಿನ ಹಿಂದೆ ಪಿಯಾನೊ ನುಡಿಸುತ್ತಿರುವುದು 67 ದಾಟಿದ, ಹೃದಯ ಸೋತ ಒಬ್ಬ ಮೇಷ್ಟ್ರು.