ಬೇಗ ಬೆಳೆಯುವ ಗಡ್ಡೆಯೂ ವರ್ಷಕ್ಕೊಮ್ಮೆಯ ಪರೀಕ್ಷೆಯೂ

ಸ್ತನ ಕ್ಯಾನ್ಸರನ್ನು ಬೇಗ ಪತ್ತೆ ಹಚ್ಚಿದರೆ ಜೀವ ಉಳಿಯುತ್ತದೆ ಎಂದು ನಾವು ನಂಬಿದ್ದೇವೆ. ಈ ನಂಬಿಕೆಗೆ ಮೊದಲ ಗಟ್ಟಿ ಆಧಾರ ಸಿಕ್ಕಿದ್ದು ನ್ಯೂಯಾರ್ಕಿನಲ್ಲಿ. 1963ರ ಕೊನೆಗೆ ಅಲ್ಲಿನ ಆರೋಗ್ಯ ವಿಮಾ ಯೋಜನೆಯೊಂದರ ಸುಮಾರು 62 ಸಾವಿರ ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಮಾತ್ರ ಮ್ಯಾಮೊಗ್ರಾಮ್ ಹಾಗೂ ವೈದ್ಯರ ತಪಾಸಣೆಗೆ ವರ್ಷಕ್ಕೊಮ್ಮೆ ಕರೆಯಲಾಯಿತು. ಹತ್ತು ವರ್ಷಗಳ ಬಳಿಕ ಆ ಗುಂಪಿನಲ್ಲಿ ಈ ರೋಗದ ಸಾವು ಸುಮಾರು ಶೇ. 30 ಕಡಿಮೆಯಿತ್ತು.

ಆದರೆ ಗಡ್ಡೆಗಳೆಲ್ಲ ಒಂದೇ ತರದವಲ್ಲ. ನಿಧಾನವಾಗಿ ಬೆಳೆಯುವ ಗಡ್ಡೆ ಕೈಗೆ ಸಿಗದೆ ವರ್ಷಗಟ್ಟಲೆ ಒಳಗಿರುತ್ತದೆ. ಈ ವರ್ಷ ತಪ್ಪಿದರೆ ಮುಂದಿನ ವರ್ಷ ಎಕ್ಸ್‌ರೇಗೆ ಸಿಕ್ಕೀತು. ಉಗ್ರವಾದದ್ದು ಹಾಗಲ್ಲ. 'ಏನೂ ಇಲ್ಲ' ಎಂಬ ವರದಿ ಬಂದ ಕೆಲವೇ ತಿಂಗಳಲ್ಲಿ ಅದು ಗಂಟಾಗಿ ಕೈಗೆ ತಾಗಬಹುದು. ವೈದ್ಯರು ಇದನ್ನು ಇಂಟರ್ವಲ್ ಕ್ಯಾನ್ಸರ್ ಎನ್ನುತ್ತಾರೆ. ಹಳೆಯ ವರದಿಯನ್ನು ನಂಬಿ ಹೊಸ ಗಂಟನ್ನು ಕಡೆಗಣಿಸಿದರೆ ಅಪಾಯ ಇಲ್ಲೇ.

2012ರಲ್ಲಿ ಬ್ಲೇಯರ್ ಮತ್ತು ವೆಲ್ಶ್ ಅಮೆರಿಕದ ಮೂರು ದಶಕಗಳ ಅಂಕಿಅಂಶ ನೋಡಿದರು. ಲಕ್ಷ ಮಹಿಳೆಯರಲ್ಲಿ ಆರಂಭಿಕ ಹಂತದ ಪತ್ತೆ 112ರಿಂದ 234ಕ್ಕೇರಿತ್ತು. ಮುಂದುವರಿದ ಹಂತದ್ದು 102ರಿಂದ 94ಕ್ಕೆ ಮಾತ್ರ ಇಳಿದಿತ್ತು. ಈ ಲೆಕ್ಕವನ್ನು ಒಪ್ಪದ ತಜ್ಞರೂ ಇದ್ದಾರೆನ್ನಿ.

ದುಬಾರಿ ಯಂತ್ರ ಎಲ್ಲರಿಗೂ ಎಟುಕುವುದಿಲ್ಲವಲ್ಲ? ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ 1998ರಲ್ಲಿ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರ ಅಧ್ಯಯನ ಆರಂಭಿಸಿತು. ಅವರಲ್ಲಿ ಒಂದು ಗುಂಪಿನವರನ್ನು ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷಿಸಿದರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು: ಐವತ್ತು ದಾಟಿದವರಲ್ಲಿ ಸಾವು ಹತ್ತಿರ ಹತ್ತಿರ ಶೇ. 30 ಇಳಿದಿತ್ತು. ಅದಕ್ಕಿಂತ ಚಿಕ್ಕವರಲ್ಲಿ ಸಾವು ಇಳಿಯಲಿಲ್ಲ. ನಮ್ಮ ದೇಶದಲ್ಲಿ ಈ ರೋಗಕ್ಕೆ ತುತ್ತಾಗುವವರಲ್ಲಿ ಆ ವಯಸ್ಸಿನವರೂ ಬಹಳ.